ದೇವರ ಕಥೆಗಳ ಒಳಗಿನ ಅರ್ಥ: ಕಾಸರಗೋಡಿನ ಚಾವಡಿಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಆಟಿ ತಿಂಗಳ ಮಳೆಗೆ ಹೊರಗಿನ ಕೆಲಸ ನಿಂತಾಗ ಚಾವಡಿಯಲ್ಲಿ ಪುರಾಣ ಓದಿಸುವ ಪದ್ಧತಿ ನಮ್ಮ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಹಿಂದಿನಿಂದಲೂ ಇದೆ. ನೆರೆಯ ಮಲೆಯಾಳಿಗಳಿಗೆ ಅದೇ ಕರ್ಕಟಕ, ರಾಮಾಯಣದ ತಿಂಗಳು. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಹೇಳಲು ಕೂತವನಿಗೆ ವರ್ಷವರ್ಷವೂ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಗ್ರಂಥದಲ್ಲಿ ಇರುವುದು ಯಾವುದು, ನನ್ನ ಅಭಿಪ್ರಾಯ ಯಾವುದು ಎಂಬುದನ್ನು ಆದಷ್ಟು ಬಿಡಿಸಿಯೇ ಹೇಳಿದ್ದೇನೆ.

ಪುರಾಣಕ್ಕೆ ಸಾಂಕೇತಿಕ ಅರ್ಥ ಹೇಳುವುದು ಈಚಿನವರು ಶುರುಮಾಡಿದ್ದಲ್ಲವೇ?

ಕಥೆ ಎಷ್ಟು ಹಳೆಯದೋ ಅರ್ಥ ಕೇಳುವ ಅಭ್ಯಾಸವೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಇಂದ್ರ ವೃತ್ರನನ್ನು ಕೊಂದು ನೀರು ಬಿಡಿಸಿದ ಕಥೆ ಋಗ್ವೇದದಲ್ಲಿ ಬರುತ್ತದಲ್ಲ, ಆ ವೃತ್ರ ಯಾರು ಎಂದು ಯಾಸ್ಕರು ವೇದದ ಪದಗಳಿಗೆ ಅರ್ಥ ಹೇಳುವ ನಿರುಕ್ತ ಎಂಬ ಗ್ರಂಥದಲ್ಲೇ ಕೇಳುತ್ತಾರೆ. ಅವನು ಮೋಡ ಎಂದು ಪದದ ಮೂಲ ಹಿಡಿದು ಅರ್ಥ ಹೇಳುವ ನೈರುಕ್ತರ ಮತ, ತ್ವಷ್ಟೃವಿನ ಮಗನಾದ ಅಸುರ ಎಂದು ಕಥೆಯನ್ನು ನಡೆದದ್ದೆಂದೇ ತಿಳಿಯುವ ಐತಿಹಾಸಿಕರ ಮತ. ಎರಡನ್ನೂ ಅವರು ದಾಖಲಿಸುತ್ತಾರೆ. ಕ್ರಿಸ್ತ ಹುಟ್ಟುವ ಮೊದಲೇ ನಮ್ಮಲ್ಲಿ ಈ ಎರಡು ಪಂಗಡಗಳು ಇದ್ದವು ಎಂದಾಯಿತು.

ಕಥೆ ಹೇಳಿದವರೇ ಅರ್ಥವನ್ನೂ ಬಿಡಿಸಿ ಹೇಳಿದ ಉದಾಹರಣೆ ಬೇಕಾದರೆ ಭಾಗವತದ ನಾಲ್ಕನೆಯ ಸ್ಕಂಧ ತೆಗೆಯಿರಿ. ಯಜ್ಞದ ಮೇಲೆ ಯಜ್ಞ ಮಾಡಿ ಪಶುಗಳನ್ನು ಕೊಲ್ಲಿಸುತ್ತಿದ್ದ ಪ್ರಾಚೀನಬರ್ಹಿ ರಾಜನಿಗೆ ನಾರದರು ಪುರಂಜನನ ಕಥೆ ಹೇಳುತ್ತಾರೆ. ಒಂಬತ್ತು ಬಾಗಿಲಿನ ಪಟ್ಟಣ, ಅದನ್ನು ಕಾಯುವ ಐದು ಹೆಡೆಯ ಸರ್ಪ, ಹೆಂಡತಿಯ ಮೋಹದಲ್ಲಿ ಮುಳುಗಿದ ರಾಜ. ಪ್ರಾಚೀನಬರ್ಹಿಗೆ ಏನೂ ಹೊಳೆಯುವುದಿಲ್ಲ. ಆಗ ನಾರದರು ಪಟ್ಟಣ ಎಂದರೆ ದೇಹ, ಪುರಂಜನ ಎಂದರೆ ಜೀವ, ಹೆಂಡತಿ ಬುದ್ಧಿ, ಸರ್ಪ ಪ್ರಾಣ ಎಂದು ಒಂದೊಂದಾಗಿ ಬಿಡಿಸುತ್ತಾರೆ. ಬೃಹದಾರಣ್ಯಕದಲ್ಲಿ ಪ್ರಜಾಪತಿ ದೇವ, ಮನುಷ್ಯ, ಅಸುರ ಮೂವರಿಗೂ ‘ದ’ ಎಂಬ ಒಂದೇ ಅಕ್ಷರ ಉಪದೇಶಿಸುವ ಪ್ರಸಂಗಕ್ಕೆ ಭಾಷ್ಯ ಬರೆಯುವಾಗ ಶಂಕರರು, ಮನುಷ್ಯರನ್ನು ಬಿಟ್ಟು ಬೇರೆ ದೇವರೂ ಅಸುರರೂ ಇಲ್ಲ, ಗುಣಭೇದದಿಂದ ಮನುಷ್ಯರೇ ಈ ಮೂವರು ಎಂದೂ ಹೇಳಬಹುದು ಎನ್ನುತ್ತಾರೆ. ಇಷ್ಟು ಧೈರ್ಯದ ಮಾತು ಇಂದಿನ ಪ್ರವಚನಗಳಲ್ಲಿ ಅಪರೂಪ.

ಹಾಗಾದರೆ ಎಲ್ಲವೂ ಬರೀ ಸಂಕೇತ, ಏನೂ ನಡೆದಿಲ್ಲ ಎಂದೇ? ಭಕ್ತರ ಮನಸ್ಸಿಗೆ ನೋವಾಗುವುದಿಲ್ಲವೇ?

ಸಂಕೇತ ಎಂದ ಕೂಡಲೇ ಸುಳ್ಳು ಎಂದು ಕೇಳಿಸುವುದರಿಂದ ಹುಟ್ಟುವ ಭಯ ಇದು. ಮಧ್ವಾಚಾರ್ಯರಿಗೆ ಈ ಭಯ ಇರಲಿಲ್ಲ. ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಅವರು ಭಾರತಕ್ಕೆ ಮೂರು ಪದರದ ಅರ್ಥ ಇದೆ ಎನ್ನುತ್ತಾರೆ: ನಡೆದ ಕಥೆ ಒಂದು, ಧರ್ಮ ಮತ್ತು ಗುಣಗಳ ಕಥೆ ಇನ್ನೊಂದು, ಪ್ರತಿ ಮಾತೂ ಭಗವಂತನನ್ನೇ ಹೇಳುವ ಪದರ ಮೂರನೆಯದು. ಎರಡನೆಯ ಪದರದಲ್ಲಿ ಭೀಮ ಎಂದರೆ ಭಕ್ತಿ, ಜ್ಞಾನ, ವೈರಾಗ್ಯ ಮೊದಲಾದ ಗುಣಗಳ ಮೊತ್ತ. ದ್ರೌಪದಿ ವಿದ್ಯೆ. ದುರ್ಯೋಧನ ಅಜ್ಞಾನ, ದುಶ್ಶಾಸನ ತಲೆಕೆಳಗಾದ ಜ್ಞಾನ, ಶಕುನಿ ನಾಸ್ತಿಕತನ. ಹೀಗೆ ಹೇಳಿದರೆಂದು ಅವರು ಕುರುಕ್ಷೇತ್ರವನ್ನು ಅಲ್ಲಗಳೆಯಲಿಲ್ಲ. ಭೀಮ ಅವರಿಗೆ ಗುಣವೂ ಹೌದು, ಗದೆ ಹಿಡಿದು ನಿಂತ ವೀರನೂ ಹೌದು.

ಇದು ದೂರದ ವಿಷಯವೂ ಅಲ್ಲ. ಮಧ್ವರೂ ಆಗ ಅದ್ವೈತಿಯಾಗಿದ್ದ ತ್ರಿವಿಕ್ರಮ ಪಂಡಿತಾಚಾರ್ಯರೂ ದಿನಗಟ್ಟಲೆ ವಾದ ಮಾಡಿದ್ದು ನಮ್ಮ ಕುಂಬಳೆ ಸೀಮೆಯ ವಿಷ್ಣುಮಂಗಲದಲ್ಲಿ. ಅರ್ಥಕ್ಕಾಗಿ ವಾದಿಸುವುದು ಭಕ್ತಿಗೆ ಕುಂದು ಎಂದು ಆ ಇಬ್ಬರಲ್ಲಿ ಯಾರಿಗೂ ಅನ್ನಿಸಿರಲಿಲ್ಲ.

ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಾರೆ. ಯಾವುದು ಸರಿ ಎಂದು ತಿಳಿಯುವುದು ಹೇಗೆ?

ಕಾಸರಗೋಡಿನವರಿಗೆ ಇದನ್ನು ಕಲಿಯಲು ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಗಿಂತ ಒಳ್ಳೆಯ ಶಾಲೆ ಇಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಎಂದರೆ ಹಾಡುವವರು, ಪದ ಹೇಳುತ್ತಾರೆ, ಮದ್ದಳೆ ನಿಲ್ಲುತ್ತದೆ, ಎದುರುಬದುರು ಕೂತ ಅರ್ಥಧಾರಿಗಳು ತಮ್ಮ ತಮ್ಮ ಪಾತ್ರವಾಗಿ ಮಾತು ಶುರು ಮಾಡುತ್ತಾರೆ. ಪದ ಯಕ್ಷಗಾನ ಕವಿ ಪಾರ್ತಿಸುಬ್ಬನದ್ದೇ ಇರಲಿ, ನಿನ್ನೆ ಕೇಳಿದ ವಾಲಿ ಬೇರೆ, ಇಂದಿನ ವಾಲಿ ಬೇರೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನೋ ರಾವಣನನ್ನೋ ಕೇಳಿದವರು, ಆ ಪಾತ್ರಗಳ ಬಗ್ಗೆ ತಮಗಿದ್ದ ತೀರ್ಮಾನ ಆ ರಾತ್ರಿ ಅಲುಗಾಡಿತು ಎಂದು ಇಂದಿಗೂ ಹೇಳುತ್ತಾರೆ.

ಇಷ್ಟು ಸ್ವಾತಂತ್ರ್ಯಕ್ಕೂ ಒಂದು ಕಟ್ಟು ಇದೆ. ವಾಲಿ ರಾಮನನ್ನು ಎಷ್ಟು ಬೇಕಾದರೂ ಪ್ರಶ್ನಿಸಲಿ, ಬಾಣ ತಾಗಿಯೇ ತಾಗುತ್ತದೆ, ವಾಲಿ ಸಾಯಲೇ ಬೇಕು. ಅರ್ಥ ಪದವನ್ನು ಮೀರಿ ಹೋಗುವ ಹಾಗಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟ ವಿವರವನ್ನು ರಾಮನ ಪಾತ್ರಧಾರಿ ಮುಚ್ಚಿಡುವ ಹಾಗೂ ಇಲ್ಲ, ಎದುರಿನವ ಬಿಡುವುದಿಲ್ಲ.

ನನ್ನ ಮಟ್ಟಿಗೆ ಎಲ್ಲ ಸಾಂಕೇತಿಕ ಅರ್ಥಗಳಿಗೂ ಇದೇ ಪರೀಕ್ಷೆ. ಹೇಳಿದ ಅರ್ಥ ಕಥೆಯ ಎಷ್ಟು ವಿವರಗಳನ್ನು ಹೊರುತ್ತದೆ? ಇರುಸುಮುರುಸು ಮಾಡುವ ವಿವರವನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ಹೊಂದುವ ಅರ್ಥ ಎಷ್ಟು ಚೆಂದ ಇದ್ದರೂ ಅದು ಕಥೆಯ ಅರ್ಥ ಅಲ್ಲ, ಹೇಳಿದವರ ಅರ್ಥ. ಈ ಪರೀಕ್ಷೆಯಲ್ಲಿ ಒಂದಕ್ಕಿಂತ ಹೆಚ್ಚು ಅರ್ಥಗಳು ತೇರ್ಗಡೆ ಆಗಬಹುದು, ಅದರಿಂದ ತೊಂದರೆ ಇಲ್ಲ.

ಒಂದು ಕಥೆ ತೆಗೆದುಕೊಂಡು ತೋರಿಸಿ. ಸಮುದ್ರ ಮಥನ ಎಂದರೆ ಮನಸ್ಸಿನ ಮಥನ ಎನ್ನುತ್ತಾರಲ್ಲ?

ಸಾಮಾನ್ಯವಾಗಿ ಕೇಳುವ ಅರ್ಥ ಹೀಗಿರುತ್ತದೆ: ಸಮುದ್ರ ಮನಸ್ಸು, ದೇವತೆಗಳು ಒಳ್ಳೆಯ ಯೋಚನೆ, ಅಸುರರು ಕೆಟ್ಟ ಯೋಚನೆ, ಮಂದರ ಏಕಾಗ್ರತೆ, ಅಮೃತ ಮೋಕ್ಷ. ಈಗ ಭಾಗವತದ ಎಂಟನೆಯ ಸ್ಕಂಧದ ವಿವರಗಳನ್ನು ಎದುರಿಗೆ ಇಟ್ಟು ನೋಡೋಣ.

ದೇವತೆಗಳು ತಾವಾಗಿ ಮಥನಕ್ಕೆ ಹೊರಟವರಲ್ಲ. ದೂರ್ವಾಸರ ಶಾಪದಿಂದ ಐಶ್ವರ್ಯ ಕಳಕೊಂಡು, ಯುದ್ಧದಲ್ಲಿ ಸೋತು, ವಿಷ್ಣುವಿನ ಹತ್ತಿರ ಹೋದವರು. ಅಸುರರ ಜತೆ ಸಂಧಿ ಮಾಡಿಕೊಳ್ಳಿ, ಕೆಲಸ ಆಗುವವರೆಗೆ ಅವರು ಹೇಳಿದ್ದಕ್ಕೆ ಒಪ್ಪಿರಿ ಎಂದು ಸ್ವತಃ ವಿಷ್ಣು ಹೇಳಿಕೊಡುತ್ತಾನೆ. ಬಾಲ ಹಿಡಿಯುವುದು ತಮ್ಮ ಘನತೆಗೆ ತಕ್ಕದ್ದಲ್ಲ ಎಂದು ಅಸುರರು ವಾಸುಕಿಯ ತಲೆಯ ಕಡೆ ಹಿಡಿಯುತ್ತಾರೆ, ಅದರ ಉಸಿರಿನ ಬೆಂಕಿಗೆ ಬೇಯುತ್ತಾರೆ. ಮಂದರ ನೀರಿನಲ್ಲಿ ಮುಳುಗಿಹೋಗುತ್ತದೆ, ಕೆಳಗೆ ಆಮೆ ಬೆನ್ನು ಕೊಟ್ಟ ಮೇಲೆಯೇ ನಿಲ್ಲುತ್ತದೆ. ಅಮೃತಕ್ಕೆಂದು ಕಡೆದರೆ ಮೊದಲು ಬರುವುದು ಹಾಲಾಹಲ. ಅದನ್ನು ಕುಡಿಯುವವನು ಹಗ್ಗ ಎಳೆದವರಲ್ಲಿ ಒಬ್ಬನಲ್ಲ, ಶಿವ. ಅವನು ಕುಡಿಯುವ ಮೊದಲು ಪಾರ್ವತಿಗೆ ಹೇಳುತ್ತಾನೆ, ಅವಳು ಅವನ ಶಕ್ತಿ ತಿಳಿದವಳಾದ್ದರಿಂದ ಒಪ್ಪುತ್ತಾಳೆ. ಕೊನೆಗೆ ಮೋಹಿನಿ ಬಂದು ಅಸುರರಿಗೆ ಪಾಲು ಸಿಗದ ಹಾಗೆ ಮಾಡುತ್ತಾಳೆ.

ಅಸುರರು ಬರೀ ಕೆಟ್ಟ ಯೋಚನೆಗಳಾದರೆ ಅವರಿಲ್ಲದೆ ಕಡೆಯಲು ಯಾಕೆ ಆಗಲಿಲ್ಲ? ಅವರ ದುಡಿಮೆಗೆ ಪಾಲು ಕೊಡದ ಸಂಗತಿಯನ್ನು ಏನು ಮಾಡುವುದು? ಕಥೆ ಅದನ್ನು ಅಡಗಿಸುವುದಿಲ್ಲ, ಅರ್ಥ ಹೇಳುವವರು ಅಡಗಿಸುತ್ತಾರೆ. ನನಗೆ ಈ ಕಥೆಯಲ್ಲಿ ಎದ್ದು ಕಾಣುವುದು ಎರಡು. ವಿರುದ್ಧ ದಿಕ್ಕಿಗೆ ಎಳೆಯುವವರು ಇಬ್ಬರಿದ್ದರೆ ಮಾತ್ರ ಕಡೆತ, ಒಂದೇ ಕಡೆ ಎಳೆದರೆ ಬೆಟ್ಟ ತಿರುಗುವುದಿಲ್ಲ. ಮತ್ತೆ, ದೊಡ್ಡ ಕೆಲಸದ ವಿಷ ಕೆಲಸಕ್ಕೆ ಇಳಿಯದವನ ಗಂಟಲಿಗೂ ಹೋಗಬಹುದು. ನೀಲಕಂಠನನ್ನು ನೆನೆಯುವಾಗ ನನಗೆ ಕೈ ಮುಗಿಯಬೇಕೆನಿಸುವುದು ಇದಕ್ಕೆ.

ಗಣಪತಿಯ ದೊಡ್ಡ ಕಿವಿ ಎಂದರೆ ಹೆಚ್ಚು ಕೇಳು, ಸಣ್ಣ ಕಣ್ಣು ಎಂದರೆ ಸೂಕ್ಷ್ಮವಾಗಿ ನೋಡು ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಸರಿಯಾ?

ಮಕ್ಕಳಿಗೆ ಹೇಳಲು ಅಡ್ಡಿಯಿಲ್ಲ. ಆದರೆ ಅದು ಚಿತ್ರಕ್ಕೆ ಹೇಳಿದ ಅರ್ಥ, ಕಥೆಗೆ ಅಲ್ಲ. ಶಿವಪುರಾಣದ ಕಥೆಯಲ್ಲಿ ಪಾರ್ವತಿಗೆ ತನ್ನ ಮಾತು ಮಾತ್ರ ಕೇಳುವ ಒಬ್ಬ ಬೇಕಾಗಿರುತ್ತದೆ, ಮೈಯ ಮಣ್ಣಿನಿಂದ ಮಾಡಿಕೊಳ್ಳುತ್ತಾಳೆ. ಅವನು ಬಾಗಿಲಲ್ಲಿ ನಿಂತು ಮನೆಯ ಯಜಮಾನನನ್ನೇ ತಡೆಯುತ್ತಾನೆ. ತಂದೆಗೆ ಮಗನ ಗುರುತಿಲ್ಲ, ತಲೆ ಹೋಗುತ್ತದೆ. ತಾಯಿಯ ಸಿಟ್ಟಿಗೆ ಲೋಕ ನಡುಗಿದ ಮೇಲೆ ಆನೆಯ ತಲೆ ಬರುತ್ತದೆ, ಜತೆಗೆ ಮೊದಲ ಪೂಜೆಯ ಹಕ್ಕೂ ಬರುತ್ತದೆ. ಹೊಸ್ತಿಲಲ್ಲಿ ತಡೆದ ತಪ್ಪಿಗೆ ಶಿಕ್ಷೆಯಾದವನೇ ಮುಂದೆ ಎಲ್ಲ ಹೊಸ್ತಿಲುಗಳ ಒಡೆಯನಾಗುತ್ತಾನೆ. ಈ ತಿರುವನ್ನು ಬಿಟ್ಟು ಕಿವಿ, ಹೊಟ್ಟೆ, ಸೊಂಡಿಲನ್ನು ಮಾತ್ರ ವಿವರಿಸಿದರೆ ಕಥೆ ಕೈತಪ್ಪಿತು.

ಮಧೂರಿಗೆ ಹೋದರೆ ಇದೇ ತಿರುವನ್ನು ಕಟ್ಟಡದಲ್ಲೇ ನೋಡಬಹುದು. ಮಧುವಾಹಿನಿಯ ದಡದ ಆ ದೇವಸ್ಥಾನದಲ್ಲಿ ಮುಖ್ಯ ದೇವರು ಶಿವ, ಮದನಂತೇಶ್ವರ. ಆಟವಾಡುತ್ತಿದ್ದ ಹುಡುಗನೊಬ್ಬ ಗರ್ಭಗುಡಿಯ ದಕ್ಷಿಣದ ಗೋಡೆಯಲ್ಲಿ ಗೀಚಿದ ಗಣಪತಿ ದಿನದಿಂದ ದಿನಕ್ಕೆ ಬೆಳೆದ ಎಂಬುದು ಐತಿಹ್ಯ. ಇಂದು ಊರವರೆಲ್ಲ ಅದನ್ನು ಗಣಪತಿಯ ದೇವಸ್ಥಾನ ಎಂದೇ ಹೇಳುತ್ತಾರೆ, ಅಪ್ಪದ ಸೇವೆ ನಡೆಯುವುದು ಅವನಿಗೆ. ಮೂಡಪ್ಪ ಎಂಬ ಸೇವೆಯಂದು ಮೂರ್ತಿ ಮುಚ್ಚುವಷ್ಟು ಅಪ್ಪ ರಾಶಿ ಹಾಕುತ್ತಾರೆ. ತಂದೆಯ ಗೋಡೆಯಲ್ಲಿ ಮಗ, ಮಗನ ಹೆಸರಿನಲ್ಲಿ ತಂದೆಯ ಮನೆ. ಐತಿಹ್ಯ ಹೇಳಿದ ನಮ್ಮ ಹಿರಿಯರು ಪುರಾಣಕ್ಕೆ ವ್ಯಾಖ್ಯಾನ ಬರೆಯಲಿಲ್ಲ, ಅದನ್ನು ಇನ್ನೊಮ್ಮೆ ನಡೆಸಿ ತೋರಿಸಿದರು ಎಂದು ನನಗೆ ಅನಿಸುತ್ತದೆ.

ದೈವಗಳ ಕಥೆಗೂ ಪುರಾಣಕ್ಕೂ ಸಂಬಂಧ ಇದೆಯಾ? ಅಥವಾ ಆಮೇಲೆ ಜೋಡಿಸಿದ್ದಾ?

ಜೋಡಿಸಿದ್ದೇ ಇರಬಹುದು, ಆದರೆ ಜೋಡಿಸಿದವರು ಯಾವುದನ್ನು ಯಾವುದಕ್ಕೆ ಜೋಡಿಸಿದರು ಎಂದು ನೋಡಬೇಕು. ವಿಷ್ಣುಮೂರ್ತಿ ದೈವವನ್ನು ತೆಗೆದುಕೊಳ್ಳಿ. ದೈವದ ಕಥೆ ಹೇಳುವ ಹಾಡಾದ ತೋಟ್ಟಂನಲ್ಲಿ ಹಿರಣ್ಯಕಶಿಪು, ಪ್ರಹ್ಲಾದ, ಕಂಬ ಒಡೆದು ಬಂದ ನರಸಿಂಹ ಎಲ್ಲ ಬರುತ್ತದೆ. ಅದರ ಜತೆಗೇ ಪಾಲಂತಾಯಿ ಕಣ್ಣನ ಕಥೆಯೂ ಇದೆ. ನೀಲೇಶ್ವರದ ಕುರುಪ್ಪು ಎಂಬ ಒಡೆಯನ ಮನೆಯ ಆಳು ಹುಡುಗ, ಮಾವಿನ ಹಣ್ಣಿನ ನೆಪದಲ್ಲಿ ಒಡೆಯನ ಸಿಟ್ಟಿಗೆ ಸಿಕ್ಕಿ ಮಂಗಳೂರಿನ ಕಡೆಗೆ ಓಡುತ್ತಾನೆ. ಅಲ್ಲಿ ಮುದುಕಿಯೊಬ್ಬಳ ಮನೆಯಲ್ಲಿ ವಿಷ್ಣುಮೂರ್ತಿಯ ಸೇವೆ ಮಾಡಿಕೊಂಡಿದ್ದು, ವರ್ಷಗಳ ಮೇಲೆ ದೈವದ ಕತ್ತಿ ಹಿಡಿದು ಊರಿಗೆ ಮರಳುತ್ತಾನೆ. ಕೆರೆಯಲ್ಲಿ ಮೀಯುವಾಗ ಕುರುಪ್ಪು ಅವನನ್ನು ಕಡಿಯುತ್ತಾನೆ. ಆಮೇಲೆ ಕುರುಪ್ಪಿನ ಮನೆಗೆ ಅನರ್ಥಗಳು ಬಂದು, ಪರಿಹಾರಕ್ಕೆ ದೈವವನ್ನು ನಂಬಬೇಕಾಗುತ್ತದೆ.

ಪುರಾಣದ ನರಸಿಂಹ ಬಂದದ್ದು ಹೇಗೆ? ಹಿರಣ್ಯಕಶಿಪು ಕೇಳಿದ ವರದಲ್ಲಿ ಒಳಗೂ ಹೊರಗೂ, ಹಗಲೂ ರಾತ್ರಿಯೂ, ನೆಲದಲ್ಲೂ ಆಕಾಶದಲ್ಲೂ, ಮನುಷ್ಯನಿಂದಲೂ ಮೃಗದಿಂದಲೂ ಸಾವಿಲ್ಲ. ಎಲ್ಲ ದಾರಿಯನ್ನೂ ಕಾನೂನಿನ ಹಾಗೆ ಬರೆಸಿಕೊಂಡವನಿಗೆ ದೇವರು ಎರಡರ ನಡುವಿನ ಸಂದಿಯಿಂದ ಬರುತ್ತಾನೆ. ಒಡೆಯನ ಊರಿನಲ್ಲಿ ಆಳಿಗೆ ಎಲ್ಲ ದಾರಿಯೂ ಮುಚ್ಚಿದ್ದಾಗ ಜನ ಈ ದೇವರನ್ನೇ ಯಾಕೆ ಆರಿಸಿದರು ಎಂದು ಬೇರೆ ಹೇಳಬೇಕಿಲ್ಲ. ವಿಷ್ಣುಮೂರ್ತಿಯ ಕೋಲವಾದ ಒತ್ತೆಕೋಲದಲ್ಲಿ ದೈವ ಕೆಂಡದ ರಾಶಿಗೆ ಮತ್ತೆ ಮತ್ತೆ ಬೀಳುವಾಗ ಅಲ್ಲಿ ಪ್ರಹ್ಲಾದನೂ ಇದ್ದಾನೆ, ಕಣ್ಣನೂ ಇದ್ದಾನೆ. ಪುರಾಣದ ಅರ್ಥವನ್ನು ಇಷ್ಟು ಆಳವಾಗಿ ಹಿಡಿದ ವ್ಯಾಖ್ಯಾನವನ್ನು ನಾನು ಪುಸ್ತಕಗಳಲ್ಲಿ ಕಂಡದ್ದು ಕಡಿಮೆ.

ಬಲಿಯನ್ನು ಓಣಂನಲ್ಲಿ ಒಂದು ರೀತಿ, ದೀಪಾವಳಿಯಲ್ಲಿ ಇನ್ನೊಂದು ರೀತಿ ನೆನೆಯುತ್ತೇವೆ. ಯಾವುದನ್ನು ನಂಬುವುದು?

ಎರಡನ್ನೂ ಆಚರಿಸುವ ಭಾಗ್ಯ ಇರುವ ಜಿಲ್ಲೆ ನಮ್ಮದು. ಭಾಗವತದ ಬಲಿ ಪ್ರಹ್ಲಾದನ ಮೊಮ್ಮಗ. ಬಂದವನು ವಿಷ್ಣು ಎಂದು ಶುಕ್ರಾಚಾರ್ಯರು ಎಚ್ಚರಿಸಿದರೂ ಮಾತಿಗೆ ತಪ್ಪುವುದಿಲ್ಲ. ಮೂರನೆಯ ಹೆಜ್ಜೆಗೆ ತಲೆ ಒಡ್ಡುತ್ತಾನೆ. ವಾಮನ ಅವನನ್ನು ಭೂಮಿಯ ಕೆಳಗಿನ ಸುತಲಲೋಕಕ್ಕೆ ಕಳಿಸಿ ತಾನೇ ಅವನ ಬಾಗಿಲು ಕಾಯುತ್ತಾನೆ. ಇಲ್ಲಿ ಬಲಿ ಎಂದರೆ ‘ನನ್ನದು’ ಎಂಬುದನ್ನು ಕೊನೆಗೆ ತಲೆಯ ಸಮೇತ ಒಪ್ಪಿಸಿದವನು.

ಓಣಂನ ಮಾವೇಲಿ ಕಳ್ಳತನ, ಸುಳ್ಳು ಇಲ್ಲದ ಕಾಲದ ಅರಸ, ವರ್ಷಕ್ಕೊಮ್ಮೆ ಪ್ರಜೆಗಳನ್ನು ನೋಡಲು ಬರುತ್ತಾನೆ. ತುಳುವರ ಬಲೀಂದ್ರನ ಮಾತು ಇನ್ನಷ್ಟು ಕಟು. ದೀಪಾವಳಿಯಂದು ಗದ್ದೆಯ ಬದಿಯಲ್ಲಿ ದೀಪ ಇಟ್ಟು, ಅವಲಕ್ಕಿ, ಹೂ ಹಾಕಿ, ಕೂ ಎಂದು ಕರೆಯುವಾಗ ಹೇಳುವ ಮಾತುಗಳಲ್ಲಿ ಅವನಿಗೆ ರಾಜ್ಯ ಮರಳಿ ಸಿಗುವ ಕಾಲದ ಲೆಕ್ಕ ಬರುತ್ತದೆ: ಉಪ್ಪು ಕರ್ಪೂರವಾದಾಗ, ಉದ್ದು ಮದ್ದಳೆಯಾದಾಗ, ಬಿಳಿಕಲ್ಲು ಹೂ ಬಿಟ್ಟಾಗ. ಎಂದಿಗೂ ಆಗದ್ದನ್ನು ಗಡುವಾಗಿ ಕೊಟ್ಟಿದ್ದಾರೆ. ಹಾಗಿದ್ದೂ ಪ್ರತಿ ವರ್ಷ ಕರೆಯುವುದನ್ನು ಬಿಟ್ಟಿಲ್ಲ. ಪುರಾಣದಲ್ಲಿ ದಾನ ಕೊಟ್ಟವನ ಮಹಿಮೆ ಇದ್ದರೆ ಇಲ್ಲಿ ಭೂಮಿ ಕಳಕೊಂಡವರ ನೆನಪು ಇದೆ ಎಂದು ನಾನು ಓದಿಕೊಳ್ಳುತ್ತೇನೆ. ಒಂದನ್ನು ನಂಬಲು ಇನ್ನೊಂದನ್ನು ಬಿಡಬೇಕಾಗಿಲ್ಲ.

ಪರಶುರಾಮ ಕೊಡಲಿ ಎಸೆದು ಸಮುದ್ರ ಹಿಂದೆ ಸರಿಸಿದ್ದು ಭೂಗರ್ಭದ ಘಟನೆಯ ನೆನಪೇ?

ಕರಾವಳಿಯಲ್ಲಿ ಸಮುದ್ರ ಮುಂದೆ ಬಂದದ್ದು, ಹಿಂದೆ ಹೋದದ್ದು ಇದೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಪಡೆದ ಭೂಮಿಯನ್ನು ಅವನು ಬ್ರಾಹ್ಮಣರಿಗೆ ಹಂಚಿದ ಎಂಬುದೇ ಅದರ ಮುಖ್ಯ ಭಾಗ. ಭೂಮಿಯ ಹಕ್ಕು ಯಾರದು ಎಂಬ ಪ್ರಶ್ನೆಗೆ ಕಥೆಯ ರೂಪದಲ್ಲಿ ಕೊಟ್ಟ ಉತ್ತರ ಅದು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಹೋಗಿ ಉಳುವವರಿಗೆ ಹಕ್ಕು ಬಂದ ಮೇಲೆ ಈ ಕಥೆಯನ್ನು ಹೆಚ್ಚು ನಿರಾಳವಾಗಿ ಓದಬಹುದು.

ಅಹಲ್ಯೆಯಂಥ ಕಥೆಗಳನ್ನು ಸಂಕೇತ ಎಂದು ಹೇಳಿ ಮುಗಿಸಿದರೆ ಸುಲಭವಲ್ಲವೇ?

ಮೀಮಾಂಸಾ ಪಂಡಿತ ಕುಮಾರಿಲ ಭಟ್ಟರು ಹಾಗೆಯೇ ಮಾಡಿದರು. ತಂತ್ರವಾರ್ತಿಕದಲ್ಲಿ ಅವರ ವಿವರಣೆ ಏನೆಂದರೆ, ಇಂದ್ರ ಎಂದರೆ ಸೂರ್ಯ, ಅಹಲ್ಯೆ ಎಂದರೆ ಹಗಲಿನಲ್ಲಿ ಕರಗುವ ರಾತ್ರಿ. ಸೂರ್ಯ ರಾತ್ರಿಯನ್ನು ಕಳೆಯುತ್ತಾನೆ ಅಷ್ಟೇ, ಇದರಲ್ಲಿ ದುರಾಚಾರ ಇಲ್ಲ. ದೇವತೆಗಳ ನಡತೆಯನ್ನು ತೋರಿಸಿ ಧರ್ಮವನ್ನು ಹೀಗಳೆಯುವವರಿಗೆ ಕೊಟ್ಟ ಉತ್ತರ ಅದು, ಆ ವಾದದಲ್ಲಿ ಅದಕ್ಕೆ ಬೆಲೆ ಇದೆ.

ನಾನು ಅದನ್ನು ಒಪ್ಪಲಾರೆ. ಸೂರ್ಯ, ರಾತ್ರಿ ಎಂದ ಕೂಡಲೇ ಗೌತಮನ ಶಾಪ ಎಲ್ಲಿ ಹೋಯಿತು? ವರ್ಷಾನುವರ್ಷ ಯಾರ ಕಣ್ಣಿಗೂ ಬೀಳದೆ ಕಾದ ಹೆಣ್ಣು ಎಲ್ಲಿ ಹೋದಳು? ವಾಲ್ಮೀಕಿಯಲ್ಲಿ ರಾಮಲಕ್ಷ್ಮಣರು ಅವಳ ಪಾದ ಮುಟ್ಟಿ ನಮಸ್ಕರಿಸುತ್ತಾರೆ. ಆ ನಮಸ್ಕಾರಕ್ಕೆ ಜಾಗ ಇಲ್ಲದ ಅರ್ಥ ನನಗೆ ಬೇಡ. ಸಂಕೇತ ಎಂಬ ಮಾತನ್ನು ನೋವು ಒರೆಸಿ ಹಾಕಲು ಬಳಸಬಾರದು.

ದಶಾವತಾರ ಎಂದರೆ ಜೀವವಿಕಾಸ, ಪುಷ್ಪಕ ಎಂದರೆ ವಿಮಾನ ಎಂಬ ಸಂದೇಶಗಳು ಬರುತ್ತಿರುತ್ತವೆ. ಏನೆನ್ನುತ್ತೀರಿ?

ಡಾರ್ವಿನ್ ತನ್ನ ಸಿದ್ಧಾಂತದ ಗ್ರಂಥ ಪ್ರಕಟಿಸಿದ್ದು 1859ರಲ್ಲಿ. ಮೀನು, ಆಮೆ, ಹಂದಿ, ನರಸಿಂಹ ಎಂಬ ಸಾಲಿಗೆ ವಿಕಾಸದ ಅರ್ಥ ಹಚ್ಚಿದ್ದು ಅದರ ನಂತರ. ಭಾಗವತದ ಮೊದಲ ಸ್ಕಂಧದಲ್ಲಿ ಅವತಾರಗಳು 22. ಅಲ್ಲಿ ಮೊದಲು ಸನಕಾದಿಗಳು, ಎರಡನೆಯದು ವರಾಹ, ಒಂಬತ್ತನೆಯವನು ಪೃಥು ಮಹಾರಾಜ, ಮತ್ಸ್ಯ ಬರುವುದು ಹತ್ತನೆಯದಾಗಿ. ಮೀನಿಗಿಂತ ಮೊದಲು ರಾಜ ಬಂದರೆ ಅದು ವಿಕಾಸದ ಕ್ರಮ ಆಗಲಿಲ್ಲ. ಪುಷ್ಪಕವನ್ನು ಯಂತ್ರ ಮಾಡಿದರೆ ಕುಬೇರನಿಂದ ಕಿತ್ತುಕೊಂಡದ್ದು, ಕೊನೆಗೆ ರಾಮ ಅದನ್ನು ಕುಬೇರನಿಗೇ ಮರಳಿಸಿದ್ದು ಎಂಬ ಕಥೆಯ ಜೀವ ಹೋಗಿ ಬರೀ ವಾಹನ ಉಳಿಯುತ್ತದೆ. ವಿಜ್ಞಾನದ ಸರ್ಟಿಫಿಕೇಟು ಪುರಾಣಕ್ಕೆ ಬೇಕಾಗಿಲ್ಲ.

ಪೊಟ್ಟನ್ ತೆಯ್ಯಂ ಶಂಕರಾಚಾರ್ಯರ ಕಥೆ ಎನ್ನುತ್ತಾರೆ, ಹೌದಾ?

ಹೌದು. ಮಲೆಯಾಳದಲ್ಲಿ ದೈವದ ಕೋಲಕ್ಕೆ ತೆಯ್ಯಂ ಎನ್ನುತ್ತಾರೆ. ಶಿವ ಚಂಡಾಲನಾಗಿ ಶಂಕರರ ದಾರಿಗೆ ಅಡ್ಡ ನಿಂತ ಕಥೆ ಶಂಕರರದೆನ್ನುವ ಐದು ಶ್ಲೋಕಗಳ ಮನೀಷಾ ಪಂಚಕದ ಹಿನ್ನೆಲೆಯಾಗಿ ಎಲ್ಲರಿಗೂ ಗೊತ್ತು. ಸಂಸ್ಕೃತದಲ್ಲಿ ಪ್ರಶ್ನೆ ಅನ್ನಮಯ ದೇಹ ಸರಿಯಬೇಕೋ ಚೈತನ್ಯ ಸರಿಯಬೇಕೋ ಎಂಬುದು. ತೆಯ್ಯಂನಲ್ಲಿ ಅದೇ ಪ್ರಶ್ನೆಯನ್ನು ಪುಲಯನ, ಎಂದರೆ ಮುಟ್ಟಬಾರದೆಂದು ದೂರ ಇಟ್ಟ ಜಾತಿಯವನ, ಬಾಯಲ್ಲಿ ಕೇಳುತ್ತೇವೆ: ಕಡಿದರೆ ನಿಮ್ಮಲ್ಲೂ ನಮ್ಮಲ್ಲೂ ಬರುವುದು ರಕ್ತವೇ ತಾನೆ? ತೆಂಗಿನ ಎಳೆಗರಿ ಕಟ್ಟಿಕೊಂಡ ತೆಯ್ಯಂ ಕೆಂಡದ ಮೇಲೆ ಒರಗಿ ಚಳಿಯಾಗುತ್ತದೆ ಎನ್ನುತ್ತದೆ. ಅದ್ವೈತವನ್ನು ಎರಡು ದಿಕ್ಕಿನಿಂದ ನೋಡಬೇಕೆಂದರೆ ಪಂಚಕವನ್ನೂ ಓದಬೇಕು, ತೆಯ್ಯಂ ನೋಡಲೂ ಹೋಗಬೇಕು.

ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ಕೂಡ ಸಂಕೇತವೇ?

ಅದು ಜೀವ ಇದ್ದ ಮೊಸಳೆ, 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಜನ ಅದನ್ನು ಗುಹೆಯ ಕಾವಲು ಎಂದು ಕಂಡರು. ಆ ಕ್ಷೇತ್ರದ ಕಥೆಯಲ್ಲಿ ಅದಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ವಿಲ್ವಮಂಗಲ ಸ್ವಾಮಿಗಳ ಪ್ರಸಂಗ. ಸೇವೆಗೆ ಬಂದ ಹುಡುಗ ಪೂಜೆಯ ಹೊತ್ತಿಗೆ ಕೀಟಲೆ ಮಾಡಿದ, ಸ್ವಾಮಿಗಳು ಕೈಯಿಂದ ನೂಕಿದರು, ನನ್ನನ್ನು ನೋಡಬೇಕಾದರೆ ಅನಂತನ ಕಾಡಿಗೆ ಬಾ ಎಂದು ಹೇಳಿ ಅವನು ಮಾಯವಾದ. ಪೂಜೆಗೆ ಅಡ್ಡಿ ಎಂದು ನೂಕಿದ್ದು ಪೂಜೆಗೊಳ್ಳುತ್ತಿದ್ದವನನ್ನೇ.

ಕೈಗಳ ಸಂಖ್ಯೆ, ಆಯುಧ, ವಾಹನ ಇವಕ್ಕೆಲ್ಲ ಪಟ್ಟಿ ಕೊಡಬಹುದೇ?

ಪಟ್ಟಿಗಳು ಬೇಕಾದಷ್ಟು ಇವೆ, ಒಂದಕ್ಕೊಂದು ತಾಳೆಯಾಗುವುದಿಲ್ಲ. ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿ ಎಂಬುದರ ಮೇಲೆಯೇ ವಿಷ್ಣುವಿನ 24 ರೂಪಗಳನ್ನು ಬೇರ್ಪಡಿಸುತ್ತಾರೆ. ಆದ್ದರಿಂದ ಎದುರಿಗಿರುವ ಮೂರ್ತಿಯ ಧ್ಯಾನಶ್ಲೋಕವನ್ನು ಅಲ್ಲಿಯ ಅರ್ಚಕರ ಹತ್ತಿರ ಕೇಳಿ ತಿಳಿಯುವುದೇ ಒಳ್ಳೆಯದು.

ಮಕ್ಕಳಿಗೆ ಹೇಳುವಾಗ ಅರ್ಥ ಮೊದಲೋ ಕಥೆ ಮೊದಲೋ?

ಕಥೆ. ಪೂರ್ತಿ ಕಥೆ, ವಿಷ ಬರುವ ಭಾಗವನ್ನೂ ಮೋಸ ನಡೆಯುವ ಭಾಗವನ್ನೂ ಸೇರಿಸಿ. ಅರ್ಥವನ್ನು ಅವರೇ ಕೇಳುವವರೆಗೆ ತಡೆದುಕೊಳ್ಳಿ. ಗಣಪತಿಯ ಹಳೆಯ ತಲೆ ಏನಾಯಿತು ಎಂದು ಮಗು ಕೇಳಿದರೆ ಅದು ಅಡ್ಡ ಪ್ರಶ್ನೆ ಅಲ್ಲ, ಅಜ್ಜಿ ಗದರಿಸಬಾರದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲೆಯಾಳ, ಬೀದಿಯಲ್ಲಿ ತುಳು ಕೇಳಿ ಬೆಳೆಯುವ ನಮ್ಮ ಮಕ್ಕಳಿಗೆ ಒಂದೇ ಕಥೆಗೆ ಎರಡು ಮೂರು ರೂಪ ಇರುವುದು ಗೊಂದಲ ಅನಿಸುವುದಿಲ್ಲ. ದೊಡ್ಡವರಿಗೇ ಅದು ಹೆಚ್ಚು ಕಷ್ಟ.

ನಾನು ಸ್ವಂತ ಓದಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಕೇನೋಪನಿಷತ್ತಿನ ಯಕ್ಷನ ಕಥೆಯಿಂದ. ಬಹಳ ಚಿಕ್ಕದು: ಗೆದ್ದ ಹೆಮ್ಮೆಯಲ್ಲಿದ್ದ ದೇವತೆಗಳ ಎದುರು ಯಕ್ಷ ಒಂದು ಹುಲ್ಲುಕಡ್ಡಿ ಇಡುತ್ತಾನೆ, ಅಗ್ನಿಗೆ ಸುಡಲಾಗುವುದಿಲ್ಲ, ವಾಯುವಿಗೆ ಅಲುಗಿಸಲಾಗುವುದಿಲ್ಲ, ಇಂದ್ರ ಹತ್ತಿರ ಹೋದಾಗ ಯಕ್ಷನೇ ಇಲ್ಲ. ಆ ಜಾಗದಲ್ಲಿ ಉಮೆ ನಿಂತಿರುತ್ತಾಳೆ. ಇಂದ್ರನಿಗೆ ಮಾತ್ರ ಯಾಕೆ ಯಕ್ಷ ಕಾಣದಾದ ಎಂಬುದಕ್ಕೆ ನಿಮ್ಮದೇ ಉತ್ತರ ಬರೆದಿಟ್ಟುಕೊಂಡು ಆಮೇಲೆ ಭಾಷ್ಯ ನೋಡಿ. ನಂತರ ಪುರಂಜನೋಪಾಖ್ಯಾನ ಓದಿ, ನಾರದರು ಬಿಡಿಸುವ ಅಧ್ಯಾಯಕ್ಕೆ ಬರುವ ಮೊದಲು ನಿಲ್ಲಿಸಿ ನೀವೇ ಬಿಡಿಸಲು ನೋಡಿ. ನಡುವೆ ಹತ್ತಿರದಲ್ಲಿ ಎಲ್ಲಿಯಾದರೂ ತಾಳಮದ್ದಳೆ ಇದ್ದರೆ ಬಿಡಬೇಡಿ. ಪ್ರಸಂಗ ಯಾವುದೆಂದು ಮೊದಲೇ ಕೇಳಿಕೊಂಡು, ಮೂಲದ ಕಥೆ ಓದಿಕೊಂಡೇ ಹೋಗಿ.